ಹತ್ತು ಗೆರಟೆ, ನಾಲ್ಕು ಮೊಗ್ಗು

ಮೌಲ್ಯಮಾಪನದ ಹಾಳೆಯಲ್ಲಿ ನಾನು 'ಬಿ' ಎಂದು ಬರೆದೆ. ಎಂದರೆ 'ಮಾಡುವುದಿಲ್ಲ'. ನಾಲ್ಕು ಮಣಿಗಳನ್ನು ಎಣಿಸಿ ಕೊಡು ಎಂದು ಕೇಳಿದ್ದೆ. ಹತ್ತೊಂಬತ್ತು ವರ್ಷದ ಆ ಹುಡುಗಿ ಸಿಕ್ಕಷ್ಟನ್ನು ಮುಷ್ಟಿಯಲ್ಲಿ ಎತ್ತಿ ನನ್ನ ಮಡಿಲಿಗೆ ಸುರಿದು ನಕ್ಕಳು. ನಾನೂ ನಕ್ಕು, ಪೆನ್ನು ತೆಗೆದು, ಬರೆದೇಬಿಟ್ಟೆ. ಆ ಒಂದು ಅಕ್ಷರ ತಪ್ಪೆಂದು ತಿಳಿಯಲು ನನಗೆ ಮೂರು ವಾರ ಬೇಕಾಯಿತು.

ನಾನು ವಿಶೇಷ ಶಿಕ್ಷಕಿ. ಊರು ಉಡುಪಿ, ಡಿಪ್ಲೊಮಾ ಓದಿದ್ದು ಮಂಗಳೂರಿನಲ್ಲಿ, 2013ರಿಂದ 2015ರ ತನಕ. ದಿನವೂ ಸುಮಾರು 60 ಕಿಲೋಮೀಟರ್ ಹೋಗಿ, ಅಷ್ಟೇ ದೂರ ಹಿಂದೆ ಬರುವ ಎಕ್ಸ್‌ಪ್ರೆಸ್ ಬಸ್ಸಿನ ಜೀವನ. ಅರ್ಧ ಓದು ನಡೆದದ್ದು ಪಡುಬಿದ್ರಿ ಮತ್ತು ಸುರತ್ಕಲ್ ನಡುವೆ. ಪಿಯುಸಿ ಮುಗಿಸಿ ಮೂರು ವರ್ಷ ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆದವಳು ನಾನು. ಈ ಕೋರ್ಸಿಗೆ ಸೇರಿದ್ದರ ಹಿಂದೆ ದೊಡ್ಡ ಸೇವಾಭಾವವೇನೂ ಇರಲಿಲ್ಲ. ಮಾವನ ಮಗನಿಗೆ ಡೌನ್ ಸಿಂಡ್ರೋಮ್ ಇತ್ತು, ಅವನ ಶಾಲೆಯ ವಾರ್ಷಿಕೋತ್ಸವಕ್ಕೆ ಹೋದಾಗ ಅಲ್ಲಿನ ಟೀಚರ್ ಒಬ್ಬರು 'ಪಿಯುಸಿಯಲ್ಲಿ ಶೇಕಡಾ 50 ಇದ್ದರೆ ಸಾಕು, ಸೇರಿ' ಎಂದರು. ಸೇರಿದೆ.

ಸೇರುವ ಮೊದಲು ನಾನು ವಿಚಾರಿಸದೆ ಇದ್ದ, ಈಗ ಕೇಳುವವರಿಗೆಲ್ಲ ಮೊದಲು ಹೇಳುವ ಮಾತೊಂದಿದೆ. ಕೋರ್ಸಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ನೋಡಿಕೊಳ್ಳಿ. 1992ರ ಕಾಯ್ದೆಯಡಿ ಬಂದ ಈ ಪರಿಷತ್ತಿನ ಕೇಂದ್ರ ದಾಖಲೆಯಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ಈ ಕೆಲಸ ಮಾಡಬಹುದು. ಆ ನೋಂದಣಿಯೂ ಒಮ್ಮೆ ಮಾಡಿ ಮರೆತುಬಿಡುವಂಥದ್ದಲ್ಲ. ಆಗಾಗ ತರಬೇತಿ ಕಾರ್ಯಾಗಾರಗಳಿಗೆ ಹೋಗಿ ಅಂಕ ಸೇರಿಸಿ ನವೀಕರಿಸಬೇಕು. ಆರು ತಿಂಗಳ ಸರ್ಟಿಫಿಕೇಟು, ಕೆಲಸ ಗ್ಯಾರಂಟಿ ಎನ್ನುವ ಜಾಹೀರಾತು ನಂಬಿ ಹಣ ಕಳೆದುಕೊಂಡ ಇಬ್ಬರು ನನ್ನ ಪರಿಚಯದಲ್ಲೇ ಇದ್ದಾರೆ.

ನಮ್ಮ ಪ್ರಮಾಣಪತ್ರದ ಮೇಲೆ ಇರುವುದು ಹಳೆಯ ಹೆಸರು, ಕನ್ನಡದಲ್ಲಿ 'ಬುದ್ಧಿಮಾಂದ್ಯತೆ'. ಈಗಿನವರ ಪತ್ರದಲ್ಲಿ ಬೌದ್ಧಿಕ ಹಾಗೂ ಬೆಳವಣಿಗೆಯ ಅಂಗವೈಕಲ್ಯ ಎಂದಿರುತ್ತದೆ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು, 2016ರ ಕಾಯ್ದೆಯಲ್ಲಿ ಅವು ಇಪ್ಪತ್ತೊಂದಾದವು. ಆಟಿಸಂಗೆ ಅಲ್ಲಿ ಸ್ವಂತ ಜಾಗ ಸಿಕ್ಕಿತು. ಹೆಸರು ಬದಲಾದರೆ ಏನು ಬಂತು ಎಂದು ಕೇಳುವವರು ಹಳೆಯ ಹೆಸರಿನಿಂದ ಒಮ್ಮೆ ಕರೆಸಿಕೊಂಡು ನೋಡಬೇಕು.

ಮೊದಲ ಅಭ್ಯಾಸ ಪಾಠ ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಹಣ್ಣುಗಳ ಪಾಠ. ರಾತ್ರಿ ಹನ್ನೊಂದರ ತನಕ ಕುಳಿತು ಥರ್ಮೋಕೋಲಿನ ಮೇಲೆ ಸೇಬು, ದ್ರಾಕ್ಷಿ, ಸ್ಟ್ರಾಬೆರಿ ಅಂಟಿಸಿ, ಸುತ್ತ ಜರಿ ಪಟ್ಟಿ ಹಚ್ಚಿದ್ದೆ. ಆರು ವರ್ಷದ ಹುಡುಗ ಜರಿ ಕಿತ್ತು ಬಾಯಿಗೆ ಹಾಕಿಕೊಂಡ. ಅದನ್ನು ಹೊರತೆಗೆಯುವುದರಲ್ಲೇ ಪಾಠ ಮುಗಿಯಿತು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಮೇಡಂ ಬರೆದ ಷರಾ ನನ್ನ ಬಳಿ ಇನ್ನೂ ಇದೆ: 'ಚಾರ್ಟ್ ಚೆನ್ನಾಗಿದೆ. ಮಗುವಿಗೂ ಒಂದು ಪಾಠ ಮಾಡಿ.' ಮರುದಿನ ನಿಜವಾದ ಒಂದು ಕದಳಿ ಬಾಳೆಹಣ್ಣು ಒಯ್ದೆ. ಸಿಪ್ಪೆಯನ್ನು ಮುಕ್ಕಾಲು ಭಾಗ ನಾನು ಸುಲಿದು, ಕೊನೆಯ ಎಳೆ ಮಾತ್ರ ಅವನ ಕೈಗೆ ಬಿಟ್ಟೆ. ಅವನು ಎಳೆದ, ತಿಂದ. ಹೀಗೆ ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಕಲಿಸುತ್ತ ಬರುವ ಕ್ರಮಕ್ಕೆ ಪುಸ್ತಕದಲ್ಲಿ ಹೆಸರಿದೆ, ಪರೀಕ್ಷೆಯಲ್ಲಿ ಐದು ಅಂಕವೂ ಇದೆ. ಕೆಲಸ ಮುಗಿಸಿದ ಖುಷಿ ಕಲಿಯುವವನಿಗೆ ಮೊದಲ ದಿನವೇ ಸಿಗುತ್ತದೆ ಎಂಬುದು ಅದರ ಗುಟ್ಟು.

ಎರಡು ವರ್ಷದಲ್ಲಿ ನಾನು ಅತಿ ಹೆಚ್ಚು ಬೈದುಕೊಂಡ ಕೆಲಸವೆಂದರೆ ವರ್ತನೆಯ ದಾಖಲೆ. ಮಗು ತಲೆ ಚಚ್ಚಿಕೊಂಡರೆ ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ನಾವು ಏನು ಮಾಡಿದೆವು ಎಂದು ಮೂರು ಕಾಲಂಗಳಲ್ಲಿ ಗಂಟೆ, ನಿಮಿಷ ಸಹಿತ ಬರೆಯಬೇಕು. ಹನ್ನೊಂದು ದಿನ ಬರೆದ ಮೇಲೆ ಗೊತ್ತಾದದ್ದು ಇಷ್ಟೇ: ಪಕ್ಕದ ಅಡುಗೆ ಕೋಣೆಯಲ್ಲಿ ಮಿಕ್ಸಿ ತಿರುಗುವ ಹೊತ್ತಿಗೇ ಅವನು ತಲೆ ಚಚ್ಚಿಕೊಳ್ಳುತ್ತಿದ್ದ. ನಾವೆಲ್ಲ ಅದನ್ನು ಹಟ ಎಂದುಕೊಂಡಿದ್ದೆವು. ಮಿಕ್ಸಿಯ ಹೊತ್ತು ಬದಲಾಯಿತು, ತಲೆ ಉಳಿಯಿತು.

ಇನ್ನು ಆ 'ಬಿ' ಅಕ್ಷರದ ವಿಷಯ. ಎರಡನೆಯ ವರ್ಷ ಒಬ್ಬ ವಿದ್ಯಾರ್ಥಿಯ ಮನೆಗೇ ಹೋಗಿ ತರಬೇತಿ ಕೊಟ್ಟು ದಾಖಲೆ ಒಪ್ಪಿಸಬೇಕಿತ್ತು. ನನಗೆ ಬಂದದ್ದು ಶಂಕರಪುರದ ಹತ್ತಿರದ ಮನೆ. ಕಟಪಾಡಿಯಲ್ಲಿ ಇಳಿದು ಶಿರ್ವದ ಬಸ್ಸು ಹಿಡಿಯಬೇಕು. ಮೌಲ್ಯಮಾಪನಕ್ಕೆ ನಾವು ಬಳಸುತ್ತಿದ್ದುದು ಮದ್ರಾಸ್ ಪದ್ಧತಿ, ವಿದ್ಯಾರ್ಥಿ ಏನೇನು ಮಾಡಬಲ್ಲ ಎಂದು ಗುರುತು ಹಾಕುವ ಪಟ್ಟಿ. ಹದಿನೆಂಟು ವಿಭಾಗ, ಒಂದೊಂದರಲ್ಲಿ ಇಪ್ಪತ್ತು ಅಂಶ, ಒಟ್ಟು 360. ಒಳ್ಳೆಯ ಸಾಧನ, ದೂರುವುದಿಲ್ಲ. ಆದರೆ ಸಂಖ್ಯೆಯ ವಿಭಾಗವನ್ನು ನಾನು ಕನ್ನಡದಲ್ಲಿ, ಪ್ಲಾಸ್ಟಿಕ್ ಮಣಿ ಹಿಡಿದು, ಮನೆಯವರು ಕೆಲಸದಲ್ಲಿ ಮುಳುಗಿದ್ದ ಹೊತ್ತಿನಲ್ಲಿ ಕೇಳಿ ಮುಗಿಸಿದ್ದೆ. ಆ ಮನೆಯಲ್ಲಿ ಎಲ್ಲರೂ ಆಡುವುದು ತುಳು. ನನ್ನ ಮನೆಮಾತೂ ತುಳುವೇ. ಕೈಯಲ್ಲಿ ಫೈಲ್ ಇದ್ದರೆ ಬಾಯಿಗೆ ಕನ್ನಡ ಬರುತ್ತದೆ, ಅದೊಂದು ರೋಗ.

ಮೂರನೆಯ ವಾರ ಅವಳ ಅಜ್ಜಿ ಮಾತಿನ ನಡುವೆ ಹೇಳಿದರು: 'ಆಟಿಯಲ್ಲಿ ನನ್ನ ಜೊತೆ ಚೆನ್ನೆ ಆಡುತ್ತಾಳಲ್ಲ ಟೀಚರ್, ಮೋಸ ಮಾಡಲು ಬಿಡುವುದಿಲ್ಲ.' ನಾನು ಕುಳಿತಲ್ಲೇ ತಣ್ಣಗಾದೆ. ಚೆನ್ನೆ ಎಂದರೆ ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ಕಡೆ ಆಡುವ ಮಣೆಯಾಟ. ಚೆನ್ನೆಮಣೆಗೆ ಹದಿನಾಲ್ಕು ಗುಳಿ, ಆಟದ ಆರಂಭದಲ್ಲಿ ಗುಳಿಗೆ ನಾಲ್ಕು ಕಾಯಿ. ಅಂಗಳದಲ್ಲಿ ಬಿದ್ದಿದ್ದ ಪುಟ್ಟ ಕಲ್ಲುಗಳನ್ನು ಅವಳ ಮುಂದೆ ಇಟ್ಟು ತುಳುವಿನಲ್ಲಿ ಕೇಳಿದೆ. ಒಂಜಿ, ರಡ್ಡ್, ಮೂಜಿ ಎಂದು ಅವಳು ಎಣಿಸಲೇ ಇಲ್ಲ. ನೋಡಿದಳು, ನಾಲ್ಕು ಎತ್ತಿದಳು. ಮತ್ತೆ ನಾಲ್ಕು. ಮತ್ತೆ ನಾಲ್ಕು.

ಮನೆಯಲ್ಲಿ ಮಲ್ಲಿಗೆ ಕೃಷಿ ಇತ್ತು. ಶಂಕರಪುರ ಮಲ್ಲಿಗೆಯ ಲೆಕ್ಕ ತಿಳಿಯದವರಿಗೆ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಗ್ಗೆ ಬೇಗ ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ, ಹೂವಿನವರು ಬರುವ ಹೊತ್ತಿಗೆ ಸಿದ್ಧ ಇಡಬೇಕು. ಅಮ್ಮ ಒಬ್ಬರೇ ಎಣಿಸಿ, ಕಟ್ಟಿ, ನಡುವೆ ಮಗಳನ್ನು ಹೂವಿನ ಬುಟ್ಟಿಯಿಂದ ದೂರ ಓಡಿಸುತ್ತಿದ್ದರು. ಹಲ್ಲುಜ್ಜುವುದು, ತಲೆ ಬಾಚುವುದು ಎಂದು ನಾನು ಬರೆದುಕೊಂಡಿದ್ದ ಗುರಿಗಳನ್ನು ಹೊಡೆದುಹಾಕಿದೆ. ಎಣಿಕೆ ಅವಳದು, ಕಟ್ಟುವುದು ಅಮ್ಮನದು ಎಂದು ಹೊಸದಾಗಿ ಬರೆದೆ.

ಎಂಟುನೂರರ ತನಕ ಎಣಿಸಲು ಅವಳಿಗೆ ಬಾರದು, ಬರಬೇಕಾಗಿಯೂ ಇಲ್ಲ. ನಾಲ್ಕು ನಾಲ್ಕರಂತೆ ಹತ್ತು ಗುಳಿ ತುಂಬಿದರೆ ನಲವತ್ತು. ಇಪ್ಪತ್ತು ಸುತ್ತಿಗೆ ಒಂದು ಚೆಂಡು. ಚೆನ್ನೆಮಣೆಯನ್ನೇ ತಂದು ನಾಲ್ಕು ಗುಳಿ ಮುಚ್ಚೋಣ ಎಂದೆ. ಆಟಿ ಕಳೆದ ಮೇಲೆ ಮಣೆ ಕೆಳಗಿಳಿಸುವುದುಂಟೇ ಎಂದು ಅಜ್ಜಿ ಗದರಿದರು. ಮುಂದಿನ ವಾರ ಮೊಟ್ಟೆಯ ಟ್ರೇ ಕತ್ತರಿಸಿ ಹತ್ತು ಗುಳಿಯದು ಒಯ್ದೆ. ದೇವರಿಗೆ ಹೋಗುವ ಹೂವು ಟೀಚರ್, ಎಂದು ಈ ಸಲ ಅಮ್ಮನೂ ಅಜ್ಜಿಯ ಜೊತೆ ಸೇರಿದರು. ತರಬೇತಿ ಕಾಲೇಜಿನಲ್ಲಿ ಬೋಧನೋಪಕರಣ ತಯಾರಿಯಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬಹುದು. ಕೊನೆಗೆ ಅಮ್ಮನೇ ಹಿತ್ತಿಲಿನಿಂದ ಹತ್ತು ತೆಂಗಿನ ಗೆರಟೆ ಆರಿಸಿ ತಂದು, ತೊಳೆದು, ಗೋಣಿಯ ಮೇಲೆ ಸಾಲಾಗಿ ಇಟ್ಟರು.

ಸುತ್ತಿನ ಲೆಕ್ಕಕ್ಕೆ ಒಂದು ತಗಡಿನ ಡಬ್ಬಿಯಲ್ಲಿ ಇಪ್ಪತ್ತು ಹುಣಸೆ ಬೀಜ. ಹತ್ತು ಗೆರಟೆ ತುಂಬಿ ಅಮ್ಮನ ಮುಂದೆ ಸುರಿದಾಗಲೆಲ್ಲ ಒಂದು ಬೀಜ ಹೊರಗೆ. ಇನ್ನೂ ಎಷ್ಟಿದೆ ಎಂದು ಅವಳು ಮುಚ್ಚಳ ತೆರೆದು ನೋಡುತ್ತಿರಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಇದನ್ನು ಅವಳಿಗೆ ನಾವು ಯಾರೂ ಕಲಿಸಿರಲಿಲ್ಲ.

ಮೊದಲ ವಾರ ಎರಡು ಸುತ್ತಿಗೇ ಎದ್ದು ಹೋಗುತ್ತಿದ್ದಳು. ಮೂರಿರುವ ಗೆರಟೆ ಕಂಡರೆ ನನ್ನ ಕೈ ತಾನಾಗಿ ಹೋಗಿ ಒಂದು ಮೊಗ್ಗು ಸೇರಿಸುತ್ತಿತ್ತು. ಮೇಲ್ವಿಚಾರಣೆಗೆ ಬಂದ ಮೇಡಂ ಇದನ್ನು ನೋಡಿ, ಹೋಗುವಾಗ ಗೇಟಿನ ಬಳಿ ಹೇಳಿದರು: 'ನಿಮ್ಮ ಕೈ ಮೇಲೆ ನೀವೇ ಕುಳಿತುಕೊಳ್ಳಿ.' ಅಕ್ಷರಶಃ ಹಾಗೆಯೇ ಮಾಡಿದೆ. ಗೋಣಿಯ ಒರಟಿಗೆ ಅಂಗೈಯಲ್ಲಿ ಗೆರೆ ಮೂಡುತ್ತಿತ್ತು. ಅವಳು ನನ್ನನ್ನು ನೋಡುವಳು, ನಾನು ಹೂವಿನ ಬುಟ್ಟಿಯನ್ನು ನೋಡುವೆ. ಒಂದು ದಿನ ಅವಳೇ ಬಗ್ಗಿ, ಆ ಗೆರಟೆಯನ್ನು ಬೆರಳಿನಿಂದ ತಟ್ಟಿ, ಒಂದು ಮೊಗ್ಗು ಹಾಕಿದಳು.

ಇದರ ನಡುವೆ ಅಮ್ಮ ಕೇಳಿದರು, ಇವಳ ಹೆಸರಿನಲ್ಲಿ ಬ್ಯಾಂಕಿನಲ್ಲಿ ಸ್ವಲ್ಪ ದುಡ್ಡು ಇಡಬಹುದೇ ಎಂದು. ಹೋದರು, ಪೋಷಕತ್ವದ ಪತ್ರ ತನ್ನಿ ಎಂದು ಅಲ್ಲಿಂದ ವಾಪಸ್ ಕಳುಹಿಸಿದರು. 'ಹೆತ್ತವಳು ನಾನಲ್ಲವೇ?' ಕಾನೂನಿನ ತರಗತಿ ಮಧ್ಯಾಹ್ನದ ಊಟದ ಮೇಲೆ ಇರುತ್ತಿತ್ತು, ನಮ್ಮಲ್ಲಿ ಅರ್ಧ ಜನ ತೂಕಡಿಸುತ್ತಿದ್ದೆವು. ಆವತ್ತು ರಾತ್ರಿ ಆ ನೋಟ್ಸನ್ನೇ ಹುಡುಕಿ ತೆಗೆದೆ. ಹದಿನೆಂಟು ತುಂಬಿದ ಮೇಲೆ ತಂದೆ ತಾಯಿ ಕೂಡ ತಾವಾಗಿ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಕೊಟ್ಟು ಪೋಷಕರ ನೇಮಕ ಮಾಡಿಸಿಕೊಳ್ಳಬೇಕು. ಮಣಿಪಾಲದ ಜಿಲ್ಲಾಧಿಕಾರಿ ಕಚೇರಿಗೆ ಅಮ್ಮನ ಜೊತೆ ನಾನೂ ಹೋದೆ. ಈಗ ನನ್ನ ವಿದ್ಯಾರ್ಥಿಗಳ ಮನೆಯವರಿಗೆ ಹದಿನೇಳರಲ್ಲೇ ಈ ಮಾತು ಎತ್ತುತ್ತೇನೆ.

ಸಂಬಳದ ಬಗ್ಗೆ ಎಲ್ಲರೂ ಕೇಳುತ್ತಾರೆ. ನನ್ನ ಮೊದಲ ಗೌರವಧನ ಬಟ್ಟೆ ಅಂಗಡಿಯವರು ಕೊಡುತ್ತಿದ್ದುದಕ್ಕಿಂತ ಕಡಿಮೆ ಇತ್ತು, ಅದೂ ಅನುದಾನ ಬಂದಾಗ. ನನ್ನ ತರಗತಿಯಲ್ಲಿ ಜೊತೆಗಿದ್ದ ಇಬ್ಬರು ಕೊಲ್ಲಿಗೆ ಹೋದರು. ಅವರನ್ನು ನಾನು ದೂರುವುದಿಲ್ಲ. ಬಸ್ ಪಾಸಿಗೆ ಸಾಲ ಮಾಡಿದವಳಿಗೆ ಅದು ಅರ್ಥವಾಗುತ್ತದೆ.

ಮನೆ ಭೇಟಿಯ ಕೊನೆಯ ವಾರ, ಒಂದು ಬೆಳಗ್ಗೆ, ಅವಳು ಇಪ್ಪತ್ತು ಸುತ್ತನ್ನೂ ಒಬ್ಬಳೇ ಮುಗಿಸಿದಳು. ಹೂವಿನವರು ಸ್ಕೂಟರ್ ನಿಲ್ಲಿಸಿ ಬಂದರು. ಆ ಮನೆಯ ಚೆಂಡನ್ನು ಅವರು ಎಣಿಸಿದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ, ಎತ್ತಿ ಚೀಲಕ್ಕೆ ಹಾಕುವುದಷ್ಟೇ. ಆವತ್ತು ಅಜ್ಜಿ ಹೆಮ್ಮೆಯಿಂದ, ಇದರ ಲೆಕ್ಕ ಪೂರ್ತಿ ನಮ್ಮ ಮಗಳದು ಎಂದುಬಿಟ್ಟರು. ಅವರು ಚೆಂಡನ್ನು ಅಂಗೈಯಲ್ಲಿ ತೂಗಿದರು, ತಿರುಗಿಸಿದರು, ಅಮ್ಮನ ಮುಖ ನೋಡಿ 'ಸರಿ ಇರಬಹುದೇ?' ಎಂದರು. ಅಮ್ಮ ಉತ್ತರ ಕೊಡುವ ಮೊದಲೇ ಹುಡುಗಿ ಎದ್ದು ಬಂದಳು. ತಗಡಿನ ಡಬ್ಬಿಯನ್ನು ಅವರ ಕಿವಿಯ ಬಳಿ ಹಿಡಿದು ಜೋರಾಗಿ ಅಲ್ಲಾಡಿಸಿದಳು. ಸದ್ದು ಬರಲಿಲ್ಲ.