ಹೈನು ವಿಜ್ಞಾನ ಓದಲು ಐರ್ಲೆಂಡನ್ನು ಆರಿಸಿಕೊಂಡ ಲೆಕ್ಕ: ನನ್ನ ಅನುಭವ

ಡೈರಿ ಟೆಕ್ನಾಲಜಿಯಲ್ಲಿ ನಾಲ್ಕು ವರ್ಷದ ಬಿ.ಟೆಕ್ ಮುಗಿಸಿ, ಕೆಲಕಾಲ ಹಾಲಿನ ಘಟಕವೊಂದರಲ್ಲಿ ಕೆಲಸ ಮಾಡಿದ ಮೇಲೆ, ಹಾಲಿನ ಪುಡಿ ಮತ್ತು ಚೀಸ್ ತಯಾರಿಕೆಯನ್ನು ಆಳವಾಗಿ ಕಲಿಯಬೇಕೆಂದು 2023ರ ಕೊನೆಯಲ್ಲಿ ನಾನು ವಿದೇಶದ ಎಂ.ಎಸ್ಸಿ. ಕೋರ್ಸುಗಳನ್ನು ಹುಡುಕತೊಡಗಿದೆ. ಬೋಧನೆಯೂ ಹೊರಗಿನ ವ್ಯವಹಾರವೂ ಇಂಗ್ಲಿಷಿನಲ್ಲೇ ಇರಬೇಕೆಂಬುದು ಮೊದಲೇ ಖಚಿತವಾಗಿದ್ದರಿಂದ ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎಂಬ ಆರು ದೇಶಗಳು ಪಟ್ಟಿಯಲ್ಲಿದ್ದವು.

ಬೆಳಗಾವಿಯಲ್ಲಿ ನಾನು ಭೇಟಿಯಾದ ಏಜೆಂಟರು ಕುಳಿತ ತಕ್ಷಣ ಕೇಳುತ್ತಿದ್ದುದು ‘ಯಾವ ದೇಶ?’ ಎಂದೇ. ಅವರು ವಿದ್ಯಾರ್ಥಿಯಿಂದ ಶುಲ್ಕ ಪಡೆಯುವುದಿಲ್ಲ. ಸೇರ್ಪಡೆಯಾದ ಮೇಲೆ ವಿಶ್ವವಿದ್ಯಾಲಯದಿಂದ ಅವರಿಗೆ ಕಮಿಷನ್ ಬರುತ್ತದೆ. ಆದ್ದರಿಂದ ಒಪ್ಪಂದವಿರುವ ವಿಶ್ವವಿದ್ಯಾಲಯಗಳೇ ಅವರ ಬಾಯಲ್ಲಿ ಬರುವುದು ಸಹಜ. ನಾನು ದೇಶವನ್ನು ಬದಿಗಿಟ್ಟು ಮೊದಲು ವಿಷಯವನ್ನು ಹಿಡಿದೆ.

ಹೈನು ವಿಜ್ಞಾನಕ್ಕೆ ಅಮೆರಿಕದ ವಿಸ್ಕಾನ್ಸಿನ್ ಮತ್ತು ಕಾರ್ನೆಲ್, ಕೆನಡಾದ ಗುವೆಲ್ಫ್, ನ್ಯೂಜಿಲೆಂಡಿನ ಮ್ಯಾಸ್ಸಿ, ಐರ್ಲೆಂಡಿನ ಕಾರ್ಕ್ ವಿಶ್ವವಿದ್ಯಾಲಯಗಳು ಹೆಸರುವಾಸಿಯಾಗಿವೆ. ಇವುಗಳಲ್ಲಿ ನ್ಯೂಜಿಲೆಂಡ್ ಮತ್ತು ಐರ್ಲೆಂಡಿನ ಹೈನುಗಾರಿಕೆ ನನಗೆ ವಿಶೇಷವಾಗಿ ಬೇಕಾಗಿತ್ತು. ಆ ದೇಶಗಳಲ್ಲಿ ಹಸುಗಳು ಹುಲ್ಲುಗಾವಲಿನಲ್ಲೇ ಮೇಯುತ್ತವೆ, ಹುಲ್ಲು ಚಿಗುರುವ ಕಾಲಕ್ಕೆ ಹೊಂದುವಂತೆ ವಸಂತದಲ್ಲಿ ಕರು ಹಾಕುತ್ತವೆ. ಐರ್ಲೆಂಡಿನಲ್ಲಿ ಮೇ ತಿಂಗಳ ಸುಮಾರಿಗೆ ಹಾಲಿನ ಹೊಳೆಯೇ ಹರಿದು, ಚಳಿಗಾಲದಲ್ಲಿ ಬತ್ತಿದಂತಾಗುತ್ತದೆ. ಜನಸಂಖ್ಯೆ ಕಡಿಮೆಯಿರುವ ಆ ನಾಡಿನಲ್ಲಿ ಅಷ್ಟು ಹಾಲನ್ನು ಕುಡಿದು ಮುಗಿಸಲಾಗದು. ಪುಡಿ, ಬೆಣ್ಣೆ, ಚೀಸ್, ಕೇಸಿನ್ (ಹಾಲಿನಿಂದ ಬೇರ್ಪಡಿಸಿದ ಪ್ರೋಟೀನ್) ಮಾಡಿ ರಫ್ತು ಮಾಡಲೇಬೇಕು. 2015ರಲ್ಲಿ ಯುರೋಪಿಯನ್ ಒಕ್ಕೂಟದ ಹಾಲಿನ ಕೋಟಾ ರದ್ದಾದ ಮೇಲೆ ಐರ್ಲೆಂಡಿನ ಉತ್ಪಾದನೆ ಇನ್ನಷ್ಟು ಬೆಳೆಯಿತು. ಹಾಲನ್ನು ಪ್ಯಾಕೆಟ್ಟಿಗೆ ತುಂಬಿ ಬೆಳಗಿನ ಜಾವ ಕಳಿಸುವುದೇ ಮುಖ್ಯ ಕೆಲಸವಾಗಿರುವ ನಮ್ಮ ಕಡೆಯ ಘಟಕಗಳಲ್ಲಿ ಕಲಿಯಲಾಗದ್ದು ಇದೇ. ಸರಕಾರಿ ಸಂಶೋಧನಾ ಸಂಸ್ಥೆ ಟೀಗಾಸ್ಕ್‌ನ ಹೈನು ಕೇಂದ್ರವಿರುವ ಮೂರ್‌ಪಾರ್ಕ್ ಕಾರ್ಕ್ ಕೌಂಟಿಯಲ್ಲೇ ಇದೆ ಎಂಬುದೂ ನನ್ನ ಒಲವನ್ನು ಹೆಚ್ಚಿಸಿತು.

ಇನ್ನು ಹಣದ ಮಾತು. ನಮ್ಮದು ಅಥಣಿ ತಾಲ್ಲೂಕಿನ ಕಬ್ಬು ಬೆಳೆಯುವ ಮನೆತನ. ಕಾಗದದ ಮೇಲೆ ಆಸ್ತಿ ಸಾಕಷ್ಟಿದೆ, ಆದರೆ ನಾನು ವಿಚಾರಿಸಿದ ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಅಡಮಾನವಾಗಿ ಒಪ್ಪಲಿಲ್ಲ. ಒಪ್ಪಿದ್ದರೂ ನಮ್ಮ ಹೊಲದ ಉತಾರದಲ್ಲಿ (ಪಹಣಿಯಲ್ಲಿ) ಪಿ.ಕೆ.ಪಿ.ಎಸ್., ಅಂದರೆ ಕೃಷಿ ಪತ್ತಿನ ಸಹಕಾರಿ ಸಂಘದ, ಬೆಳೆ ಸಾಲದ ಬೋಜಾ (ಋಣಭಾರ) ಆಗಲೇ ಇತ್ತು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ ಕಾರಣ ಅಪ್ಪ ಎಂದೂ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದವರಲ್ಲ, ಬ್ಯಾಂಕು ಮೊದಲು ಕೇಳುವುದು ಅದನ್ನೇ. ಕೊನೆಗೆ ಬೆಳಗಾವಿಯಲ್ಲಿ ನೌಕರಿಯಲ್ಲಿರುವ ಕಾಕಾ ಸಹ ಅರ್ಜಿದಾರರಾಗಿ, ತಮ್ಮ ಮನೆಯ ಕಾಗದಪತ್ರಗಳನ್ನು ಕೊಡಲು ಒಪ್ಪಿದರು. “ಮನಿ ಕಾಗದ ಒಯ್ಯಿ, ಬ್ಯಾಡ ಅನ್ನೂದಿಲ್ಲ. ಆದ್ರ ಎಷ್ಟು ವರ್ಷದಾಗ ಬಿಡಿಸಿ ಕೊಡ್ತಿ, ಅದನ್ನ ಬರದ ತೋರ್ಸು” ಎಂದರು.

ದೇಶ ತೀರ್ಮಾನವಾದದ್ದು ಆ ಒಂದು ಮಾತಿನಿಂದಲೇ ಎನ್ನಬಹುದು. ಓದಿನ ಅವಧಿ ಮತ್ತು ಅದರ ನಂತರದ ಒಂದು ವರ್ಷ ಕಂತು ಕಟ್ಟಬೇಕಿಲ್ಲವಾದರೂ ಬಡ್ಡಿ ಓಡುತ್ತಲೇ ಇರುತ್ತದೆ. 25 ಲಕ್ಷ ರೂಪಾಯಿಗೆ ಶೇ. 10ರ ದರ ಹಿಡಿದರೆ ವರ್ಷಕ್ಕೆ ಎರಡೂವರೆ ಲಕ್ಷ. ಎರಡು ವರ್ಷದ ಕೋರ್ಸಾದರೆ ಇನ್ನೊಂದು ವರ್ಷದ ಶುಲ್ಕ, ಇನ್ನೊಂದು ವರ್ಷದ ಬಾಡಿಗೆ, ಅದರ ಮೇಲೆ ಈ ಬಡ್ಡಿ, ಜೊತೆಗೆ ಒಂದು ವರ್ಷದ ಸಂಬಳವೂ ಇಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ ನಾನು ನೋಡಿದ ಕೋರ್ಸುಗಳು ಎರಡು ವರ್ಷದವು. ಮ್ಯಾಸ್ಸಿಯ ಕೋರ್ಸೂ ಒಂದು ವರ್ಷಕ್ಕೆ ಮುಗಿಯುವಂಥದ್ದಾಗಿರಲಿಲ್ಲ, ಅದನ್ನು ಬಿಡುವಾಗ ಬೇಸರವಾಯಿತು. ಆಸ್ಟ್ರೇಲಿಯಾ ನನ್ನ ವಿಷಯದ ದೃಷ್ಟಿಯಿಂದಲೇ ಹಿಂದೆ ಬಿದ್ದಿತ್ತು. ಒಂದೇ ವರ್ಷದ ಎಂ.ಎಸ್ಸಿ. ಇದ್ದದ್ದು ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ.

ಓದು ಮುಗಿದ ಮೇಲೆ ಉಳಿದು ದುಡಿಯಲು ಸಿಗುವ ಅವಧಿಯನ್ನು ಎಲ್ಲರೂ ಮೊದಲು ನೋಡುತ್ತಾರೆ. ನಾನು ಅದನ್ನು ಲೆಕ್ಕದಿಂದ ಹೊರಗಿಟ್ಟೆ, ಏಕೆಂದರೆ ಅದು ಆ ಸರಕಾರದ ಕೈಯಲ್ಲಿರುವ ಸಂಗತಿ. ನಾನು ಕೋರ್ಸು ಹುಡುಕುತ್ತಿದ್ದ ಆ ಕೆಲವೇ ತಿಂಗಳಲ್ಲಿ ಕೆನಡಾ ಖಾತೆಯಲ್ಲಿ ತೋರಿಸಬೇಕಾದ ಜೀವನವೆಚ್ಚವನ್ನು 10,000 ಡಾಲರಿನಿಂದ 20,635ಕ್ಕೆ ಏರಿಸಿತು, ಬ್ರಿಟನ್ ವಿದ್ಯಾರ್ಥಿಗಳ ವಾರ್ಷಿಕ ಆರೋಗ್ಯ ಶುಲ್ಕವನ್ನು 470 ಪೌಂಡಿನಿಂದ 776ಕ್ಕೆ ಒಯ್ದಿತು, ಆಸ್ಟ್ರೇಲಿಯಾ 2024ರ ಜುಲೈನಿಂದ ವೀಸಾ ಶುಲ್ಕವನ್ನು 710 ಡಾಲರಿನಿಂದ 1,600 ಮಾಡಿತು. ಬ್ರಿಟನ್ನಿನ ಎರಡು ವರ್ಷದ ಗ್ರ್ಯಾಜುಯೇಟ್ ವೀಸಾ ಕೂಡ 2027ರ ಜನವರಿಯಿಂದ ಸಲ್ಲಿಸುವ ಅರ್ಜಿಗಳಿಗೆ 18 ತಿಂಗಳಿಗೆ ಇಳಿಯುತ್ತದೆಂದು ಮುಂದೆ ಪ್ರಕಟವಾಯಿತು. ಐರ್ಲೆಂಡಿನಲ್ಲಿ ಸ್ನಾತಕೋತ್ತರ ಪದವಿಯವರಿಗೆ 24 ತಿಂಗಳವರೆಗೆ ಅವಕಾಶವಿದೆ, ಮೊದಲು 12 ತಿಂಗಳು ಕೊಟ್ಟು ಮತ್ತೆ ನವೀಕರಿಸುತ್ತಾರೆ. ಆದರೂ ಕಾಕಾಗೆ ಕೊಟ್ಟ ಹಾಳೆಯಲ್ಲಿ, ಓದು ಮುಗಿದ ಮರುತಿಂಗಳೇ ಊರಿಗೆ ಮರಳಿ ಇಲ್ಲಿನ ಸಂಬಳದಲ್ಲೇ ಸಾಲ ತೀರಿಸುವುದಾದರೆ ಎಷ್ಟು ವರ್ಷವಾಗುತ್ತದೆ ಎಂದು ಬರೆದೆ. ಅಂಕಿ ದೊಡ್ಡದೇ ಆಗಿತ್ತು, ಆದರೆ ಒಂದು ವರ್ಷದ ಕೋರ್ಸಿಗೆ ಅದು ಕೈಗೆಟಕುವಂತಿತ್ತು. ಬ್ರಿಟನ್, ಐರ್ಲೆಂಡ್ ಎರಡರ ಖರ್ಚಿನಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣದ್ದರಿಂದ ಹೈನೋದ್ಯಮವನ್ನೇ ಮಾನದಂಡವಾಗಿಟ್ಟುಕೊಂಡು ಕಾರ್ಕ್‌ನ ಆಹಾರ ವಿಜ್ಞಾನದ ಎಂ.ಎಸ್ಸಿ.ಯನ್ನು ಆರಿಸಿದೆ. ಕೋರ್ಸು ಐರ್ಲೆಂಡ್ ಸರಕಾರದ ಐ.ಎಲ್.ಇ.ಪಿ. ಪಟ್ಟಿಯಲ್ಲಿ, ಅಂದರೆ ವಿದೇಶಿ ವಿದ್ಯಾರ್ಥಿಗಳು ಸೇರಬಹುದಾದ ಕೋರ್ಸುಗಳ ಪಟ್ಟಿಯಲ್ಲಿ, ಇದೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ನೋಡಿಕೊಳ್ಳಬೇಕು. ಆ ಪಟ್ಟಿಯಲ್ಲಿಲ್ಲದ ಕೋರ್ಸಿಗೆ ವಿದ್ಯಾರ್ಥಿ ವೀಸಾ ಸಿಗುವುದಿಲ್ಲ.

ವೀಸಾ ಕಡತದಲ್ಲಿ ಹೆಚ್ಚು ಶ್ರಮ ಬೇಡಿದ್ದು ಬ್ಯಾಂಕ್ ಸ್ಟೇಟ್‌ಮೆಂಟ್. ಒಂದು ವರ್ಷದ ಜೀವನವೆಚ್ಚಕ್ಕೆ 10,000 ಯೂರೋ ತೋರಿಸಬೇಕು, ಆರು ತಿಂಗಳ ವಹಿವಾಟು ಕೊಡಬೇಕು, ಅದರಲ್ಲಿ ಒಮ್ಮೆಲೇ ಜಮೆಯಾದ ದೊಡ್ಡ ಮೊತ್ತಕ್ಕೆ ವಿವರಣೆ ಇರಬೇಕು. ಸಂಬಳದವರ ಖಾತೆಯಲ್ಲಿ ತಿಂಗಳಿಗೊಮ್ಮೆ ಹಣ ಬೀಳುತ್ತದೆ, ಕಬ್ಬು ಬೆಳೆಗಾರನ ಖಾತೆಯಲ್ಲಿ ಕಾರ್ಖಾನೆಯ ಬಿಲ್ ಬಂದ ದಿನ ಇಡೀ ವರ್ಷದ ದುಡಿಮೆ ಒಟ್ಟಿಗೇ ಬೀಳುತ್ತದೆ, ಅದೂ ಕಬ್ಬು ಹೋಗಿ ತಿಂಗಳುಗಳಾದ ಮೇಲೆ. ಕಾರ್ಖಾನೆ ಕೊಟ್ಟ ತೂಕದ ಚೀಟಿಗಳು, ಟನ್ ಮತ್ತು ದರ ನಮೂದಿಸಿದ ಬಿಲ್, ಕಬ್ಬು ಎಂದು ದಾಖಲಾಗಿದ್ದ ಉತಾರ, ಇವುಗಳನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ, ಯಾವ ಜಮೆ ಯಾವ ಬಿಲ್ಲಿನದು ಎಂದು ಸ್ಟೇಟ್‌ಮೆಂಟಿನ ಸಾಲುಗಳಿಗೆ ಸಂಖ್ಯೆ ಹಾಕಿ, ಒಂದು ಪುಟದ ಪತ್ರದೊಂದಿಗೆ ಲಗತ್ತಿಸಿದೆ. ಇದನ್ನು ಯಾವ ಏಜೆಂಟರೂ ಸೂಚಿಸಿರಲಿಲ್ಲ. ಕಡತವನ್ನು ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಕೊಟ್ಟೆ; ಜಮೆಗಳ ಬಗ್ಗೆ ಮರುಪ್ರಶ್ನೆ ಬರಲಿಲ್ಲ, 2024ರ ಸೆಪ್ಟೆಂಬರಿನ ತರಗತಿಗೆ ವೀಸಾ ಸಕಾಲದಲ್ಲಿ ಕೈಸೇರಿತು.