ಹದಿನಾರು ಮತ ಮತ್ತು ನಮ್ಮ ರಸ್ತೆಯ ಪಟ್ಟಿ

2023ರ ಮೇ 13, ವಿಧಾನಸಭಾ ಚುನಾವಣೆಯ ಮತ ಎಣಿಕೆಯ ದಿನ. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಬೇಗ ಮಲಗಲಿಲ್ಲ. ರಾಜ್ಯದಲ್ಲಿ ಯಾರ ಸರ್ಕಾರ ಅನ್ನುವುದು ಮಧ್ಯಾಹ್ನವೇ ಗೊತ್ತಾಗಿತ್ತು. ನಮ್ಮ ಜಯನಗರ ಕ್ಷೇತ್ರದ ಎಣಿಕೆ ಮಾತ್ರ ಮುಗಿಯುತ್ತಲೇ ಇರಲಿಲ್ಲ. ಮರುಎಣಿಕೆ, ಅಂಚೆ ಮತಗಳ ತಕರಾರು, ಹೊರಗೆ ಪ್ರತಿಭಟನೆ. ಕೊನೆಗೆ ಬಿಜೆಪಿಯ ಸಿ.ಕೆ. ರಾಮಮೂರ್ತಿಗೆ 57,797, ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿಗೆ 57,781. ಅಂತರ 16 ಮತ.

ಯಾರು ಗೆದ್ದರು ಅನ್ನುವುದಕ್ಕಿಂತ ಆ 16 ನನ್ನ ತಲೆಯಲ್ಲಿ ಉಳಿಯಿತು. ನಮ್ಮ ಒಂದು ಅಡ್ಡರಸ್ತೆಯಲ್ಲೇ ಮತ ಹಾಕದವರು ಅದಕ್ಕಿಂತ ಜಾಸ್ತಿ ಇದ್ದರು.

ಆಮೇಲೆ ರಸ್ತೆಯಲ್ಲಿ ಎರಡೇ ಮಾತು. "ಬೆಂಗಳೂರಿನವರು ಸೋಮಾರಿಗಳು, ಮತ ಹಾಕಲ್ಲ." "ಆ ಏರಿಯಾ ಪೂರ್ತಿ ಅವರದ್ದು, ಈ ಬ್ಲಾಕ್ ಪೂರ್ತಿ ಇವರದ್ದು." ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ತಾಳೆ ನೋಡಿದವಳು. ಈ ಎರಡು ಮಾತನ್ನೂ ತಾಳೆ ನೋಡೋಣ ಅನ್ನಿಸಿತು.

ಮೊದಲು ಹುಡುಕಿದ್ದು ನಮೂನೆ 20. ಯಾವ ಮತಗಟ್ಟೆಯಲ್ಲಿ ಯಾವ ಅಭ್ಯರ್ಥಿಗೆ ಎಷ್ಟು ಮತ, ನೋಟಾಗೆ ಎಷ್ಟು, ಎಲ್ಲವೂ ಅದರಲ್ಲಿರುತ್ತದೆ. ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಪಕ್ಕದಲ್ಲಿ 2018ರ ಹಾಳೆಯನ್ನೂ ಇಟ್ಟುಕೊಂಡೆ. ಇಲ್ಲೇ ನಾನು ಒಂದು ವಾರ ದಾರಿ ತಪ್ಪಿದ್ದು. ಬೂತ್ ಸಂಖ್ಯೆಗೆ ಬೂತ್ ಸಂಖ್ಯೆ ಇಟ್ಟು ಹೋಲಿಸಿದೆ. ಒಂದು ಬೂತ್ ಪೂರ್ತಿ ಆ ಕಡೆಯಿಂದ ಈ ಕಡೆಗೆ ವಾಲಿದಂತೆ ಕಂಡಿತು. ಕೊನೆಗೆ ನೋಡಿದರೆ ಅದು ಬೇರೆಯದೇ ರಸ್ತೆ! ಎರಡು ಚುನಾವಣೆಗಳ ನಡುವೆ ಬೂತ್‌ಗಳನ್ನು ಒಡೆಯುತ್ತಾರೆ, ಸೇರಿಸುತ್ತಾರೆ. ಸಂಖ್ಯೆ ಬದಲಾಗಿಬಿಡುತ್ತದೆ. ಮತದಾರರ ಪಟ್ಟಿಯ ಮೊದಲ ಪುಟದಲ್ಲಿ ಆ ಭಾಗಕ್ಕೆ ಸೇರಿದ ರಸ್ತೆಗಳ ಹೆಸರಿರುತ್ತದೆ. ಅದನ್ನು ಹಿಡಿದು ರಸ್ತೆಗೆ ರಸ್ತೆ ಹೊಂದಿಸಬೇಕು. ಇನ್ನೊಂದು ವಿಷಯ. 2018ರಲ್ಲಿ ಇಲ್ಲಿ ಅಭ್ಯರ್ಥಿಯೊಬ್ಬರು ತೀರಿಕೊಂಡಿದ್ದರಿಂದ ಮತದಾನ ಜೂನ್ 11ಕ್ಕೆ ಹೋಗಿತ್ತು. ರಾಜ್ಯದ ಜೊತೆ ನಡೆದ ಚುನಾವಣೆಯೇ ಅಲ್ಲ ಅದು. ಹಾಗಾಗಿ ಹೋಲಿಸುವಾಗ ಜಾಗ್ರತೆ ಬೇಕು.

ರಸ್ತೆಗಳು ಹೊಂದಿದ ಮೇಲೆ ಒಲವು ಕಾಣತೊಡಗಿತು. ಹೌದು, ಕೆಲವು ಬೂತ್‌ಗಳು ಒಂದು ಪಕ್ಷದ ಕಡೆ ಚೆನ್ನಾಗಿಯೇ ವಾಲಿದ್ದವು. ಆದರೆ ನಮ್ಮ ಸುತ್ತಮುತ್ತ "ಪೂರ್ತಿ ಅವರದ್ದು" ಅನ್ನುವಂಥ ಬೂತ್ ಒಂದೂ ಸಿಗಲಿಲ್ಲ. ಗಟ್ಟಿ ಕೋಟೆ ಅಂದುಕೊಂಡ ಕಡೆಯೂ ಎದುರಿನವರಿಗೆ ಹದಿನಾರಕ್ಕಿಂತ ಎಷ್ಟೋ ಜಾಸ್ತಿ ಮತ ಬಿದ್ದಿತ್ತು. ನಮ್ಮ ಏರಿಯಾದಲ್ಲಿ ನನ್ನ ಮತದಿಂದ ಏನಾಗುತ್ತೆ ಅಂತ ಮನೆಯಲ್ಲೇ ಕೂತವರು ಎರಡೂ ಕಡೆ ಇದ್ದರು. ಇದು ನನಗೆ ತುಂಬಾ ನೋವು ಕೊಟ್ಟ ವಿಷಯ.

ಆಮೇಲೆ ಪಟ್ಟಿ ಹಿಡಿದು ಮನೆಮನೆಗೆ ಹೊರಟೆ. ನಮ್ಮ ಭಾಗದ ಬಿಎಲ್‌ಒ, ಅಂದರೆ ಮತದಾರರ ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಅಧಿಕಾರಿ, ಅಂಗನವಾಡಿ ಕಾರ್ಯಕರ್ತೆ. ತಮ್ಮ ಕೆಲಸ ಮುಗಿಸಿ ಸಂಜೆ ಜೊತೆಗೆ ಬರುತ್ತಿದ್ದರು. ಮೊದಲ ಮೂರು ಮನೆಗಳಲ್ಲಿ "ಹೋದ ಸಲ ಯಾಕೆ ಮತ ಹಾಕಲಿಲ್ಲ?" ಅಂತ ಕೇಳಿದೆ. ಮುಖ ಬಿಗಿಯಾಯಿತು. ಒಬ್ಬರು "ಯಾವ ಪಾರ್ಟಿಯಿಂದ ಬಂದಿದ್ದೀರ?" ಅಂದರು. ಆಗ ಬಿಎಲ್‌ಒ, "ಮೇಡಂ, ಹಾಗೆ ಕೇಳ್ಬೇಡಿ. ನಿಮ್ಮ ಹೆಸರು ಇದೆಯಾ ನೋಡೋಣ್ವಾ ಅನ್ನಿ" ಅಂದರು. ಆ ಒಂದು ಮಾತಿಗೆ ಬಾಗಿಲು ತೆರೆದವು. ಯಾರಿಗೆ ಹಾಕುತ್ತೀರಿ ಅನ್ನುವುದನ್ನಂತೂ ನಾವು ಯಾರನ್ನೂ ಕೇಳಲಿಲ್ಲ.

ಪಟ್ಟಿಯಲ್ಲಿ ಏನೇನಿತ್ತು ಗೊತ್ತಾ? ಮದುವೆಯಾಗಿ ಹೋದ ಹೆಣ್ಣುಮಕ್ಕಳು. ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದ ಜಾಗದಲ್ಲಿ ಹಳೆಯ ಬಾಡಿಗೆದಾರರ ಹೆಸರು. ಗಂಡ ಒಂದು ಶಾಲೆಯಲ್ಲಿ, ಹೆಂಡತಿ ಇನ್ನೊಂದು ಶಾಲೆಯಲ್ಲಿ ಮತ ಹಾಕಬೇಕಾದ ಮನೆ. ತೀರಿಕೊಂಡವರು. ಒಬ್ಬ ಹಿರಿಯರು ಪಟ್ಟಿಯಿಂದ ಹೆಸರು ತೆಗೆಸುವ ನಮೂನೆ 7ಕ್ಕೆ ಸಹಿ ಹಾಕಲು ಎರಡು ತಿಂಗಳು ತೆಗೆದುಕೊಂಡರು. "ಅವಳ ಹೆಸರು ಅದೊಂದು ಕಡೆ ಇದೆಯಲ್ಲಮ್ಮ, ಇರಲಿ ಬಿಡಿ" ಅಂತಿದ್ದರು. ನಾನೂ ಒತ್ತಾಯ ಮಾಡಲಿಲ್ಲ.

ಈಗ ಲೆಕ್ಕ ನೋಡಿ. 1000 ಹೆಸರಿರುವ ಬೂತ್‌ನಲ್ಲಿ 550 ಜನ ಬಂದರೆ ಶೇ 55. ಅದರಲ್ಲಿ 200 ಹೆಸರು ಅಲ್ಲಿ ಇಲ್ಲವೇ ಇಲ್ಲದವರದ್ದಾದರೆ, ಬಂದವರು ಶೇ 69ರಷ್ಟು. ಬಂದವರು ಅಷ್ಟೇ ಜನ. ಹಾಗಂತ ನಿಜವಾಗಿಯೂ ಮನೆಯಲ್ಲಿ ಕೂತವರೇ ಇಲ್ಲ ಅಂತಲ್ಲ, ಇದ್ದಾರೆ. ಆದರೆ ಯಾರು ಬರಲಿಲ್ಲ, ಯಾರು ಇಲ್ಲಿ ಇಲ್ಲವೇ ಇಲ್ಲ ಅನ್ನುವುದನ್ನು ಬೇರೆ ಮಾಡದೆ ಸುಮ್ನೆ ಬೈಯುವುದು ಸರಿಯಲ್ಲ.

ಬಾಡಿಗೆ ಮನೆಯ ಹುಡುಗರದ್ದು ಇನ್ನೊಂದು ಕಥೆ. ಅವರ ಹೆಸರು ಊರಲ್ಲೇ ಇದೆ. 2024ರ ಲೋಕಸಭಾ ಚುನಾವಣೆಯಲ್ಲಿ ನಮಗೆ ಏಪ್ರಿಲ್ 26, ಉತ್ತರ ಕರ್ನಾಟಕಕ್ಕೆ ಮೇ 7. ನಮ್ಮ ಮಹಡಿ ಮೇಲಿದ್ದ ಕಲಬುರಗಿಯ ಹುಡುಗರು ನಮ್ಮ ಮತದಾನದ ದಿನ ಮನೆಯಲ್ಲೇ ಇದ್ದರು. ಹತ್ತು ದಿನ ಬಿಟ್ಟು ರಾತ್ರಿ ಬಸ್ಸು ಹತ್ತಿ ಹೋಗಿ ಮತ ಹಾಕಿ ಬಂದರು. ಇವರನ್ನು ಸೋಮಾರಿಗಳು ಅನ್ನೋದು ಹೇಗೆ?

ಆ ಸಲ ನಾವು ಒಂದು ಕಡೆ ಎಡವಿದೆವು. ಹಿಂದಿನ ಮನೆಯ ಅಜ್ಜಿಗೆ 82. 2023ರಲ್ಲಿ 80 ದಾಟಿದವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶವಿತ್ತು. ಅದಕ್ಕೆ ಬೇಕಾದ ನಮೂನೆ 12ಡಿ ತುಂಬಿಸಿದ್ದೆವು, ಸಿಬ್ಬಂದಿ ಮನೆಗೇ ಬಂದಿದ್ದರು. 2024ರಲ್ಲಿ ಆ ವಯಸ್ಸನ್ನು 85ಕ್ಕೆ ಏರಿಸಿದರು. ನಾನು ಗಮನಿಸಿರಲಿಲ್ಲ. "ಹೋದ ಸಲ ಬಂದಿದ್ರಲ್ಲಮ್ಮ, ಈ ಸಲ ಯಾಕೆ ಬರಲ್ಲ?" ಅಂತ ಅಜ್ಜಿ ಕೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ.

ಏಪ್ರಿಲ್ 26ರ ಬೆಳಿಗ್ಗೆ ಬಿಸಿಲು ಏರುವ ಮೊದಲೇ ಆಟೋ ತರಿಸಿದೆವು. ಅಜ್ಜಿ ಒಂದು ಕೈಯಲ್ಲಿ ಕೋಲು ಊರಿ, ಇನ್ನೊಂದು ಕೈಯಲ್ಲಿ ಮೊಮ್ಮಗಳನ್ನು ಹಿಡಿದು ಶಾಲೆಯ ಮೆಟ್ಟಿಲು ಹತ್ತಿದರು. ಸರದಿಯಲ್ಲಿದ್ದವರು ದಾರಿ ಬಿಟ್ಟರು.

ನಮ್ಮ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದ ಮತದಾನ ಶೇ 53 ಅಂತ ಬಂತು. ಟಿವಿಯಲ್ಲಿ ಮತ್ತೆ ಅದೇ ಬೈಗುಳ. ನಾನು ನೋಟ್‌ಬುಕ್ ತೆಗೆದು ಅಜ್ಜಿಯ ಹೆಸರಿನ ಮುಂದೆ ಗುರುತು ಹಾಕಿದೆ. ಅದರ ಕೆಳಗೆ ವಿಳಾಸ ಬದಲಾವಣೆ, ತಿದ್ದುಪಡಿಯ ನಮೂನೆ 8 ತುಂಬಿಸಬೇಕಾದ ಏಳು ಮನೆಗಳು ಇನ್ನೂ ಬಾಕಿ ಇದ್ದವು.