ಹೊಸ ಕಾರಿನ ಫೀಚರ್‌ಗಳ ಸಬ್‌ಸ್ಕ್ರಿಪ್ಷನ್: ಬುಕ್ ಮಾಡುವ ಮುಂಚೆ ಏನು ಕೇಳಬೇಕು, ಏನು ಬರೆಸಿಕೊಳ್ಳಬೇಕು

ಕಳೆದ ಏಪ್ರಿಲ್‌ನಲ್ಲಿ ಬಳ್ಳಾರಿಯಲ್ಲಿ ಅಮ್ಮನಿಗೆ ಕಣ್ಣಿನ ಆಪರೇಷನ್ ಆಯ್ತು. ಮಧ್ಯಾಹ್ನ ಎರಡು ಗಂಟೆಗೆ ಡಿಸ್ಚಾರ್ಜ್. ಕಾರು ಬೆಳಿಗ್ಗೆಯಿಂದ ಆಸ್ಪತ್ರೆ ಎದುರಿನ ಬಯಲಲ್ಲಿ ನಿಂತಿತ್ತು, ಸ್ಟೀರಿಂಗ್ ಮುಟ್ಟಿದರೆ ಕೈ ಸುಡುವಷ್ಟು ಕಾದಿರುತ್ತೆ ಅಂತ ಗೊತ್ತಿದ್ದರಿಂದ ವಾರ್ಡಿನಿಂದಲೇ ಫೋನ್ ತೆಗೆದು ಆ್ಯಪ್‌ನಲ್ಲಿ ಎಸಿ ಆನ್ ಮಾಡಲು ಹೋದೆ. ಮೂರು ವರ್ಷದಿಂದ ಬೇಸಿಗೆಯಲ್ಲಿ ಮಾಡುತ್ತಿದ್ದ ಕೆಲಸವೇ. ಬಟನ್ ಬೂದು ಬಣ್ಣಕ್ಕೆ ತಿರುಗಿತ್ತು. ಕೆಳಗೆ ಒಂದೇ ಸಾಲು: ನಿಮ್ಮ ಪ್ಲಾನ್ ಮುಗಿದಿದೆ, ರಿನ್ಯೂ ಮಾಡಿ. ಕಪ್ಪು ಕನ್ನಡಕ ಹಾಕಿಕೊಂಡ ಅಮ್ಮನನ್ನು ಬಾಗಿಲ ಬಳಿ ಕೂರಿಸಿ, ನಾನು ಹೋಗಿ ಕಾರಿನ ನಾಲ್ಕೂ ಬಾಗಿಲು ತೆಗೆದು ತಣ್ಣಗಾಗುವವರೆಗೆ ಬಿಸಿಲಲ್ಲಿ ನಿಂತಿದ್ದೆ.

ಎಸಿ ನನ್ನದು, ಎಂಜಿನ್ ನನ್ನದು, ಪೆಟ್ರೋಲ್ ನನ್ನದು. ಅದನ್ನು ಆನ್ ಮಾಡಲು ವರ್ಷ ವರ್ಷ ದುಡ್ಡು ಕಟ್ಟಬೇಕು ಅಂತ ಶೋರೂಂನಲ್ಲಿ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ನೀವು ಕೇಳಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇದು ಹೇಗೆ ಕೆಲಸ ಮಾಡುತ್ತೆ ಅಂತ ತಿಳಿದುಕೊಳ್ಳಿ, ಉಳಿದದ್ದೆಲ್ಲ ಸುಲಭವಾಗುತ್ತೆ. ಫೋನಿನಲ್ಲಿ ಬಟನ್ ಒತ್ತಿದಾಗ ಆ ಸಂದೇಶ ನೇರವಾಗಿ ಕಾರಿಗೆ ಹೋಗುವುದಿಲ್ಲ. ಇಂಟರ್‌ನೆಟ್ ಮೂಲಕ ಕಂಪನಿಯ ಸರ್ವರ್‌ಗೆ ಹೋಗುತ್ತೆ, ಅಲ್ಲಿಂದ ಮೊಬೈಲ್ ನೆಟ್‌ವರ್ಕ್ ಹಿಡಿದು ಕಾರಿನೊಳಗೆ ಕೂರಿಸಿರುವ ಸಿಮ್‌ಗೆ ಬರುತ್ತೆ, ಆ ಸಿಮ್ ಇರುವ ಪೆಟ್ಟಿಗೆ ಎಸಿಗೆ ಹೇಳುತ್ತೆ. ಕಾರು ಎಲ್ಲಿದೆ ಅಂತ ನೋಡುವುದು, ದೂರದಿಂದ ಲಾಕ್ ಮಾಡುವುದು, ಕಾರು ಇಂತಿಷ್ಟು ದೂರ ದಾಟಿದರೆ ಫೋನಿಗೆ ಎಚ್ಚರಿಕೆ ಬರುವುದು, ಇವೆಲ್ಲ ಇದೇ ದಾರಿ. ಸಿಮ್‌ಗೆ ಡೇಟಾ ಬೇಕು, ಸರ್ವರ್ ನಡೆಸಲು ಖರ್ಚಿದೆ. ಇದಕ್ಕೆ ಶುಲ್ಕ ಕೇಳಿದರೆ ನನಗೆ ತಕರಾರಿಲ್ಲ. ಎಷ್ಟು, ಯಾವಾಗಿನಿಂದ ಅಂತ ಮೊದಲೇ ಹೇಳಬೇಕು, ಅಷ್ಟೇ.

ಇನ್ನೊಂದು ಜಾತಿ ಇದೆ. ಅದರಲ್ಲಿ ಸಿಮ್ಮೂ ಬೇಡ, ಸರ್ವರ್ರೂ ಬೇಡ. ಭಾಗ ಕಾರಿನಲ್ಲೇ ಇದೆ, ಅದರ ಬೆಲೆ ಕಾರಿನ ಬೆಲೆಯಲ್ಲೇ ಸೇರಿರುತ್ತೆ, ಆದರೆ ಸಾಫ್ಟ್‌ವೇರಿನಿಂದ ಬೀಗ ಹಾಕಿರುತ್ತಾರೆ. 2022ರ ಜುಲೈನಲ್ಲಿ ಬಿಎಂಡಬ್ಲ್ಯು ದಕ್ಷಿಣ ಕೊರಿಯಾದಲ್ಲಿ ಸೀಟು ಬಿಸಿ ಮಾಡುವ ಸೌಲಭ್ಯಕ್ಕೆ ತಿಂಗಳಿಗೆ ಸುಮಾರು 18 ಡಾಲರ್ ಕೇಳುತ್ತಿದೆ ಅಂತ ಸುದ್ದಿಯಾಯ್ತಲ್ಲ, ಅದೇ ಇದು. ಬಿಸಿ ಮಾಡುವ ತಂತಿ ಫ್ಯಾಕ್ಟರಿಯಲ್ಲೇ ಸೀಟಿನೊಳಗೆ ಹೊಲಿದು ಬಂದಿತ್ತು. ಜನ ಎಷ್ಟು ಬೈದರೆಂದರೆ 2023ರ ಸೆಪ್ಟೆಂಬರ್‌ನಲ್ಲಿ ಕಂಪನಿ ಸೀಟಿನ ಶುಲ್ಕ ಕೈಬಿಡುವುದಾಗಿ ಹೇಳಿತು. ಇದೇ ಕಂಪನಿ ಅದಕ್ಕೂ ಮುಂಚೆ ಅಮೆರಿಕದಲ್ಲಿ ಆ್ಯಪಲ್ ಕಾರ್‌ಪ್ಲೇಗೆ (ಐಫೋನಿನ ಮ್ಯಾಪು, ಹಾಡು ಕಾರಿನ ಪರದೆಯಲ್ಲಿ ಬರುವ ಸೌಲಭ್ಯ) ವರ್ಷಕ್ಕೆ 80 ಡಾಲರ್ ಇಟ್ಟು, 2019ರ ಕೊನೆಗೆ ಅದನ್ನೂ ತೆಗೆದುಹಾಕಿತ್ತು. ಗ್ರಾಹಕರು ಗಟ್ಟಿಯಾಗಿ ಬೇಡ ಅಂದರೆ ಕೆಲಸ ಆಗುತ್ತೆ ಅನ್ನೋದಕ್ಕೆ ನನಗೆ ಇವೆರಡು ಸಾಕು.

ಆದರೆ ಅಭ್ಯಾಸ ನಿಂತಿಲ್ಲ. ಮರ್ಸಿಡಿಸ್ 2022ರಲ್ಲಿ ಅಮೆರಿಕದ ತನ್ನ ಕೆಲವು ಎಲೆಕ್ಟ್ರಿಕ್ ಕಾರುಗಳಿಗೆ ಇನ್ನಷ್ಟು ಬೇಗ ವೇಗ ಹಿಡಿಯುವ ಶಕ್ತಿ ಬೇಕಿದ್ದರೆ ವರ್ಷಕ್ಕೆ 1,200 ಡಾಲರ್ ಅಂದಿತು. ಬ್ರಿಟನ್ನಿನಲ್ಲಿ 2025ರಲ್ಲಿ ಫೋಕ್ಸ್‌ವ್ಯಾಗನ್ ಐಡಿ.3 ಕಾರಿಗೆ ಹೆಚ್ಚುವರಿ ಪವರ್ ಬೇಕಿದ್ದರೆ ತಿಂಗಳಿಗೆ 16.50 ಪೌಂಡ್, ಒಂದೇ ಸಲ ಕಟ್ಟಿ ಕಾಯಂ ಮಾಡಿಕೊಳ್ಳುವುದಾದರೆ 649 ಪೌಂಡ್. ಮೋಟಾರು ಅದೇ, ಬ್ಯಾಟರಿ ಅದೇ. ನಮ್ಮ ಬೆಂಗಳೂರಿನ ಏಥರ್ ಸ್ಕೂಟರ್ ಗೊತ್ತಿದ್ದವರಿಗೆ ಪ್ರೊ ಪ್ಯಾಕ್ ನೆನಪಿಗೆ ಬರಬಹುದು: ಹಣ ಕೊಟ್ಟರೆ ಸಾಫ್ಟ್‌ವೇರ್ ಸೌಲಭ್ಯಗಳು ತೆರೆದುಕೊಳ್ಳುತ್ತವೆ. ಅದು ಸ್ಕೂಟರ್ ಕೊಳ್ಳುವಾಗಲೇ ಕಣ್ಣೆದುರು ಬೆಲೆ ಇಟ್ಟು ಕೇಳುವ ಆಯ್ಕೆ. ಬೇಕಾದರೆ ತಗೊಳ್ಳಿ, ಬೇಡವಾದರೆ ಬಿಡಿ. ಅದರ ಮೇಲೆ ನನಗೆ ಸಿಟ್ಟಿಲ್ಲ. ಮೂರು ವರ್ಷ ಕೈಯಲ್ಲಿಟ್ಟು ರೂಢಿ ಮಾಡಿಸಿ ಆಮೇಲೆ ಕಿತ್ತುಕೊಳ್ಳುವುದು ಬೇರೆ.

ಹಾಗಾಗಿ ಪ್ರತಿಯೊಂದು ಫೀಚರ್ ತೋರಿಸಿದಾಗಲೂ ಕೇಳಬೇಕಾದದ್ದು ಒಂದೇ: ಇದು ಕಾರಿನೊಳಗೇ ನಡೆಯುತ್ತಾ, ಕಂಪನಿಯ ಸರ್ವರ್‌ನಿಂದ ನಡೆಯುತ್ತಾ? ಒಳಗೇ ನಡೆಯುವುದಾದರೆ ಬಾಡಿಗೆ ಕಟ್ಟಬೇಡಿ, ಅಂಥ ಕಾರೇ ಬೇಡ ಅನ್ನಿ. ಸರ್ವರ್‌ನಿಂದ ಅಂದರೆ ಬೆಲೆ ಬರೆಸಿಕೊಳ್ಳಿ.

ಟೆಸ್ಟ್ ಡ್ರೈವ್‌ನಲ್ಲೇ ಪರೀಕ್ಷೆ ಮಾಡಿ

ಸೇಲ್ಸ್‌ನವರ ಮಾತು ಕೇಳಿ ನಿರ್ಧರಿಸಬೇಡಿ, ಅವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಟೆಸ್ಟ್ ಡ್ರೈವ್‌ಗೆ ಹೋದಾಗ ಯಾವುದಾದರೂ ಮಾಲ್ ಅಥವಾ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗ್‌ಗೆ ಕಾರು ಇಳಿಸಿ, ಫೋನಿನಲ್ಲಿ ಒಂದು ಕಡ್ಡಿ ಸಿಗ್ನಲ್ಲೂ ಇಲ್ಲದ ಮೂಲೆ ನೋಡಿ ನಿಲ್ಲಿಸಿ. ಅಲ್ಲಿ ಕಾರಿನ ಸಿಮ್‌ಗೂ ಸಾಮಾನ್ಯವಾಗಿ ಸಿಗ್ನಲ್ ಇರುವುದಿಲ್ಲ. ಈಗ ಒಂದೊಂದೇ ಒತ್ತಿ ನೋಡಿ. ಎಸಿ, ಸನ್‌ರೂಫ್, ರಿವರ್ಸ್ ಕ್ಯಾಮೆರಾ, ಸೀಟಿನ ಫ್ಯಾನ್, ಕ್ರೂಸ್ ಕಂಟ್ರೋಲ್‌ನ ಸ್ವಿಚ್. ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ ಮಾತಾಡಿ ಕಿಟಕಿ ತೆಗೆಸುವುದಿದ್ದರೆ ಅದನ್ನೂ ನೋಡಿ, ಕೆಲವು ಕಾರಿನಲ್ಲಿ ಧ್ವನಿ ಅರ್ಥ ಮಾಡಿಕೊಳ್ಳುವ ಕೆಲಸ ಸರ್ವರ್‌ನಲ್ಲಿ ನಡೆಯುತ್ತೆ. ಕೆಲಸ ಮಾಡದೆ ನಿಂತದ್ದನ್ನೆಲ್ಲ ಬರೆದುಕೊಳ್ಳಿ. ಪ್ಲಾನ್ ಮುಗಿದ ದಿನ ನಿಮ್ಮ ಕೈಯಿಂದ ಹೋಗುವುದು ಹೆಚ್ಚುಕಡಿಮೆ ಅದೇ ಪಟ್ಟಿ.

ಫೋನ್ ಜೋಡಿಸಿ ಬಳಸುವ ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇ ನಿಮ್ಮ ಫೋನಿನ ಡೇಟಾದಲ್ಲೇ ನಡೆಯುತ್ತವೆ. ಮ್ಯಾಪಿಗೂ ಹಾಡಿಗೂ ಅದು ಧಾರಾಳವಾಗಿ ಸಾಕು. ಕಾರಿನ ಸ್ವಂತ ಮ್ಯಾಪಿಗಾಗಿ ಸುಮ್ನೆ ಪ್ಲಾನ್ ತಗೋಬೇಡಿ.

ಕೀಯಿಂದಲೇ ಎಂಜಿನ್ ಸ್ಟಾರ್ಟ್ ಮಾಡುವ ಸೌಲಭ್ಯ ಇದ್ದರೆ ಅದು ಒಳ್ಳೆಯದು, ಯಾಕೆಂದರೆ ಆ ಸಿಗ್ನಲ್ ಕೀಯಿಂದ ನೇರವಾಗಿ ಕಾರಿಗೆ ಹೋಗುತ್ತೆ. ಆದರೂ ಒಂದು ಮಾತು ಕೇಳಿಕೊಳ್ಳಿ, ಅದಕ್ಕೆ ಪ್ಲಾನ್ ಜೊತೆ ನಂಟು ಇದೆಯಾ ಅಂತ. ಅಮೆರಿಕದಲ್ಲಿ ಟೊಯೋಟಾದ ಕೆಲವು ಕಾರುಗಳಲ್ಲಿ ಫ್ರೀ ಅವಧಿ ಮುಗಿದ ಮೇಲೆ ಕೀಯ ಸ್ಟಾರ್ಟ್ ಕೂಡ ನಿಲ್ಲುತ್ತೆ ಅಂತ 2021ರ ಡಿಸೆಂಬರ್‌ನಲ್ಲಿ ಹೊರಗೆ ಬಂತು. ನೆಟ್‌ವರ್ಕ್ ಬೇಡದ ಕೆಲಸಕ್ಕೂ ಬೀಗ ಹಾಕಬಹುದು ಅಂತಾಯ್ತು. ಬೇಸ್‌ಮೆಂಟ್ ಪರೀಕ್ಷೆಯಲ್ಲಿ ಇಂಥದ್ದು ಸಿಕ್ಕಿಬೀಳುವುದಿಲ್ಲ, ಬಾಯಿಬಿಟ್ಟು ಕೇಳಲೇಬೇಕು.

ಕೊಟೇಶನ್ ಮೇಲೆ ಬರೆಸಿ

ಈ ದಸರಾಕ್ಕೆ ನನ್ನ ತಮ್ಮ ದಾವಣಗೆರೆಯಲ್ಲಿ ಕಾರು ಬುಕ್ ಮಾಡುವಾಗ ನಾನೂ ಜೊತೆಗೆ ಹೋಗಿದ್ದೆ. ಕನೆಕ್ಟೆಡ್ ಫೀಚರ್, ಅಂದರೆ ಸಿಮ್ ಮತ್ತು ಸರ್ವರ್ ಮೂಲಕ ನಡೆಯುವಂಥವು, ಎಷ್ಟು ವರ್ಷ ಫ್ರೀ ಅಂತ ಕೇಳಿದೆ. “ಲೈಫ್‌ಟೈಮ್ ಸರ್” ಅಂದ ಹುಡುಗ. ಪಾಪ, ಸುಳ್ಳು ಹೇಳುವ ಉದ್ದೇಶ ಇದ್ದಂತೆ ಕಾಣಲಿಲ್ಲ. “ಸರಿ ತಮ್ಮಾ, ಅದನ್ನೇ ಈ ಕೊಟೇಶನ್ ಮೇಲೆ ಬರೆದು ಸೀಲ್ ಹಾಕಿಕೊಡು” ಅಂದೆ. ಹಾಳೆ ಹಿಡಿದು ಒಳಗೆ ಮ್ಯಾನೇಜರ್ ಹತ್ತಿರ ಹೋದ. ಐದು ನಿಮಿಷ ಬಿಟ್ಟು ಬಂದಾಗ ನೀಲಿ ಪೆನ್ನಿನಲ್ಲಿ ‘3 ವರ್ಷ’ ಅಂತ ಬರೆದಿತ್ತು.

ನೀವೂ ಹೀಗೇ ಮಾಡಿ. ಫ್ರೀ ಅವಧಿ ಎಷ್ಟು? ಯಾವ ದಿನದಿಂದ ಎಣಿಕೆ, ಡೆಲಿವರಿ ದಿನದಿಂದಲೋ, ಆ್ಯಪ್ ಆನ್ ಮಾಡಿದ ದಿನದಿಂದಲೋ? ಆಮೇಲೆ ವರ್ಷಕ್ಕೆ ಎಷ್ಟು, ಜಿಎಸ್‌ಟಿ ಸೇರಿಸಿಯೋ ಬಿಟ್ಟೋ? ಸೇವೆಯ ಮೇಲೆ 18 ಪರ್ಸೆಂಟ್ ಬೀಳುತ್ತೆ, ಸಣ್ಣ ಮೊತ್ತ ಅಲ್ಲ. ಮುಗಿದ ಮೇಲೆ ಯಾವ ಯಾವ ಫೀಚರ್ ನಿಲ್ಲುತ್ತೆ? ಕಾರು ಮಾರಿದರೆ ಮುಂದಿನವರಿಗೆ ಹೋಗುತ್ತಾ? ಬರೆದುಕೊಡಲು ಹಿಂದೆಮುಂದೆ ನೋಡಿದರೆ ಈ ಪ್ರಶ್ನೆಗಳನ್ನೇ ಅವರ ವಾಟ್ಸಾಪ್‌ಗೆ ಕಳಿಸಿ ಉತ್ತರ ತರಿಸಿಕೊಳ್ಳಿ. ಬ್ರೋಷರ್‌ನ ಕೊನೇ ಪುಟದಲ್ಲಿ ಇರುವೆ ಸಾಲಿನಂತೆ ಇರುವ ಅಕ್ಷರಗಳನ್ನೂ ಓದಿ, ನಕ್ಷತ್ರ ಚಿಹ್ನೆ ಹಾಕಿದ ಫೀಚರ್‌ಗಳ ಷರತ್ತು ಅಲ್ಲಿರುತ್ತೆ.

ಈ ಮೂರು ವರ್ಷ ಅನ್ನೋದು ನಮ್ಮಲ್ಲಿ ಹಳೇ ಲೆಕ್ಕ. 2019ರಲ್ಲಿ ಹ್ಯುಂಡೈ ವೆನ್ಯೂ ಕಾರು ಬ್ಲೂಲಿಂಕ್ ಅನ್ನೋ ಕನೆಕ್ಟೆಡ್ ಸೇವೆ ಜೊತೆ ಬಂದಾಗಲೂ ಮೂರು ವರ್ಷ ಫ್ರೀ ಅಂತಲೇ ಕೊಟ್ಟಿದ್ದರು. ನಮ್ಮ ಖಾಸಗಿ ಕಾರಿನ ನೋಂದಣಿ 15 ವರ್ಷದ್ದು. ಮೂರು ಕಳೆದರೆ ಉಳಿಯುವುದು ಹನ್ನೆರಡು. ವರ್ಷಕ್ಕೆ 3,000 ಅಂತ ಇಟ್ಟುಕೊಂಡರೂ 36,000 ರೂಪಾಯಿ ಆಯ್ತು, ಅದೂ ಬೆಲೆ ಏರದಿದ್ದರೆ. ಕನೆಕ್ಟೆಡ್ ಫೀಚರ್‌ಗಾಗಿಯೇ ಮೇಲಿನ ವೇರಿಯಂಟ್‌ಗೆ ಹೋಗುತ್ತಿದ್ದರೆ ಈ ಮೊತ್ತವನ್ನು ಅದರ ಬೆಲೆಗೆ ಸೇರಿಸಿ, ಆಮೇಲೆ ಯೋಚನೆ ಮಾಡಿ. ನೆಟ್‌ವರ್ಕ್ ವಿಷಯವೂ ಇದೆ. 2022ರಲ್ಲಿ ಅಮೆರಿಕದಲ್ಲಿ 3ಜಿ ನಿಲ್ಲಿಸಿದಾಗ ಎಷ್ಟೋ ಕಾರುಗಳ ಆ್ಯಪ್ ಸೇವೆ, ಅಪಘಾತದಲ್ಲಿ ತಾನಾಗೇ ಕರೆ ಹೋಗುವ ಸೌಲಭ್ಯ ಎಲ್ಲ ಸತ್ತುಹೋದವು, ದುಡ್ಡು ಕಟ್ಟಲು ತಯಾರಿದ್ದವರಿಗೂ ಸಿಗಲಿಲ್ಲ.

ಡೆಲಿವರಿ ದಿನ

ಪೂಜೆ, ಫೋಟೋ, ಸಿಹಿ ಗಡಿಬಿಡಿಯಲ್ಲಿ ಆ್ಯಪ್ ಸೆಟಪ್ ಅವರ ಕೈಗೆ ಕೊಟ್ಟುಬಿಡುತ್ತೇವೆ, ಅಲ್ವಾ? ಬೇಡ. ನಿಮ್ಮದೇ ನಂಬರ್, ನಿಮ್ಮದೇ ಇಮೇಲ್ ಹಾಕಿ ಖಾತೆ ತೆರೆಯಿರಿ. ಪ್ಲಾನ್ ಮುಗಿಯುವ ತಾರೀಖು ಆ್ಯಪ್‌ನಲ್ಲೇ ಎಲ್ಲೋ ಇರುತ್ತೆ, ಹುಡುಕಿ ಸ್ಕ್ರೀನ್‌ಶಾಟ್ ತೆಗೆದಿಡಿ, ಅದಕ್ಕೆ ಒಂದು ತಿಂಗಳ ಹಿಂದಿನ ದಿನಕ್ಕೆ ಫೋನಿನಲ್ಲಿ ರಿಮೈಂಡರ್ ಹಾಕಿ. ಕಾರ್ಡ್ ನಂಬರ್ ಕೇಳಿದರೆ ಕೊಡಬೇಡಿ. ಆಟೋಪೇ ಆಗಲೇ ಆನ್ ಆಗಿದ್ದರೂ ಹೆದರಬೇಕಿಲ್ಲ: ರಿಸರ್ವ್ ಬ್ಯಾಂಕ್ ನಿಯಮದಂತೆ ಹಣ ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಸಂದೇಶ ಬರಬೇಕು, ಯುಪಿಐ ಆಟೋಪೇ ಆಗಿದ್ದರೆ ನಿಮ್ಮ ಯುಪಿಐ ಆ್ಯಪ್‌ನಲ್ಲೇ ರದ್ದು ಮಾಡಬಹುದು. ಯಾರಿಗೂ ಫೋನ್ ಮಾಡಿ ಬೇಡಿಕೊಳ್ಳಬೇಕಿಲ್ಲ.

ಪ್ಲಾನ್ ಮುಗಿದಾಗ

ಅವತ್ತೇ ರಿನ್ಯೂ ಮಾಡಬೇಡಿ. ಒಂದು ತಿಂಗಳು ಹಾಗೇ ಓಡಿಸಿ, ಏನು ಇಲ್ಲದೆ ಕಷ್ಟವಾಯ್ತು ಅಂತ ಗಮನಿಸಿ. ನನಗೆ ಬೇಸಿಗೆಯ ಎಸಿ ಬಿಟ್ಟರೆ ಬೇರೇನೂ ನೆನಪಾಗಲಿಲ್ಲ, ಎರಡು ತಿಂಗಳ ಎಸಿಗೆ ವರ್ಷದ ದುಡ್ಡು ಜಾಸ್ತಿ ಅನ್ನಿಸಿ ಬಿಟ್ಟೆ. ಗಾಜಿಗೆ ಹಾಕುವ ಸನ್‌ಶೇಡ್ ತಂದೆ, ಐದು ನಿಮಿಷ ಮುಂಚೆ ಹೋಗುತ್ತೇನೆ. ನನ್ನ ತಂಗಿ ಕಟ್ಟಿದಳು. ಅವಳು ರಾತ್ರಿ ಪಾಳಿ ಮುಗಿಸಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಒಬ್ಬಳೇ ಡ್ರೈವ್ ಮಾಡಿಕೊಂಡು ಬರುತ್ತಾಳೆ, ಕಾರು ಎಲ್ಲಿದೆ ಅಂತ ಭಾವನಿಗೆ ಕಾಣುತ್ತೆ. ಅವಳು ಮಾಡಿದ್ದೇ ಸರಿ. ಮನೆಯಲ್ಲಿ ಹೊಸದಾಗಿ ಓಡಿಸಲು ಕಲಿತವರಿದ್ದರೆ, ಡ್ರೈವರ್ ಇಟ್ಟಿದ್ದರೆ, ನೀವೂ ಕಟ್ಟಿ. ಆದರೆ ಪ್ಲಾನ್ ಬಿಟ್ಟ ಮೇಲೆ ತುರ್ತಿನಲ್ಲಿ ಸಹಾಯಕ್ಕೆ ಕರೆ ಮಾಡುವ ಕಾರಿನ ಎಸ್‌ಒಎಸ್ ಬಟನ್ ನಂಬಿ ಕೂರಬೇಡಿ. ಅದು ನಿಂತಿರಬಹುದು, ಮನೆಯವರಿಗೆಲ್ಲ ಹೇಳಿಡಿ, ತುರ್ತಿಗೆ ಫೋನಿನಿಂದ 112.

ಮೋಸ ಆಯ್ತು ಅನ್ನಿಸಿದರೆ, ಅಂದರೆ ಲೈಫ್‌ಟೈಮ್ ಅಂತ ಬರೆದುಕೊಟ್ಟು ಆಮೇಲೆ ಹಣ ಕೇಳಿದರೆ, ಆ ಕೊಟೇಶನ್ ಫೋಟೋ ಹಾಕಿ ಶೋರೂಂಗೂ ಕಂಪನಿಯ ಕಸ್ಟಮರ್ ಕೇರ್‌ಗೂ ಇಮೇಲ್ ಮಾಡಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಮುಂದೆ ಜಿಲ್ಲಾ ಗ್ರಾಹಕ ಆಯೋಗ, ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಅಲ್ಲೇ. 2019ರ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರು ಇಲ್ಲದೆಯೂ ವಾದಿಸಬಹುದು. ರದ್ದು ಮಾಡಲು ಬಿಡದೆ ಸುತ್ತಾಡಿಸುವ ಆ್ಯಪ್‌ಗಳ ಮೇಲೂ 2023ರ ನವೆಂಬರ್‌ನಲ್ಲಿ ಬಂದ ಕೇಂದ್ರದ ಮಾರ್ಗಸೂಚಿ ಇದೆ, ಸಬ್‌ಸ್ಕ್ರಿಪ್ಷನ್ ಬಲೆಗೆ ಸಿಕ್ಕಿಸುವುದನ್ನು ಅದರಲ್ಲಿ ಹೆಸರಿಟ್ಟೇ ನಿಷೇಧಿಸಿದ್ದಾರೆ. ದೂರಿನಲ್ಲಿ ಅದನ್ನು ಬರೆಯಿರಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ

ಇಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಹಳೇ ಮಾಲೀಕರ ಫೋನಿನಲ್ಲಿ ಆ್ಯಪ್ ಹಾಗೇ ಉಳಿದಿದ್ದರೆ ನಿಮ್ಮ ಕಾರು ಎಲ್ಲೆಲ್ಲಿ ಹೋಗುತ್ತೆ ಅಂತ ಅವರಿಗೆ ಕಾಣಬಹುದು, ಬಾಗಿಲೂ ತೆಗೆಯಬಹುದು. ಹಣದ ಕೊನೇ ಕಂತು ಕೊಡುವ ಮುಂಚೆ ಅವರನ್ನು ಎದುರಿಗೆ ಕೂರಿಸಿಕೊಂಡು ಕಾರನ್ನು ಅವರ ಖಾತೆಯಿಂದ ತೆಗೆಸಿ, ನಿಮ್ಮ ಖಾತೆಗೆ ಸೇರಿಸಿ, ಒಂದು ಸಲ ಲಾಕ್ ಮಾಡಿ ನೋಡಿ. ಉಳಿದ ಅವಧಿ ಹಾಗೇ ಬಂತಾ, ಸೊನ್ನೆ ಆಯ್ತಾ ಅಂತ ಅಲ್ಲೇ ಗೊತ್ತಾಗುತ್ತೆ. 2020ರಲ್ಲಿ ಅಮೆರಿಕದಲ್ಲಿ ಡೀಲರ್ ಹತ್ತಿರ ಹಳೇ ಟೆಸ್ಲಾ ಕೊಂಡವರೊಬ್ಬರ ಕಾರಿನಿಂದ, ಜಾಹೀರಾತಿನಲ್ಲಿ ಇದ್ದ ಸೆಲ್ಫ್ ಡ್ರೈವಿಂಗ್ ಸೌಲಭ್ಯವನ್ನು ಕಂಪನಿ ದೂರದಿಂದಲೇ ತೆಗೆದುಹಾಕಿತ್ತು. ಸುದ್ದಿಯಾದ ಮೇಲೆ ವಾಪಸ್ ಕೊಟ್ಟರು. ಹಾಗಾಗಿ ಮಾರುವವರು ‘ಎಲ್ಲ ಫೀಚರ್ ಇದೆ’ ಅಂದರೆ, ಯಾವುದು ಕಾರಿನ ಹೆಸರಲ್ಲಿದೆ, ಯಾವುದು ಅವರ ಹೆಸರಲ್ಲಿದೆ ಅಂತ ಕಂಪನಿಯ ಕಸ್ಟಮರ್ ಕೇರ್‌ಗೆ ಚಾಸಿ ನಂಬರ್ ಕೊಟ್ಟು ಕೇಳಿ, ಆಮೇಲೆ ರೇಟ್ ಮಾತಾಡಿ.